ಎರಡು ಕೋರಿನ ಐ3-3220, ಆರು ಕೋರಿನ ಎಫ್‌ಎಕ್ಸ್-6300: ಹಳೆಯ ಡೆಸ್ಕ್‌ಟಾಪ್ ಕೊಳ್ಳುವವರಿಗೆ ಒಂದು ಲೆಕ್ಕ

ನಮ್ಮ ನೆರೆಮನೆಯ ಅಡಿಕೆ ಕೃಷಿಕರೊಬ್ಬರು, ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಮಗಳಿಗೆ ಹಳೆಯದೊಂದು ಡೆಸ್ಕ್‌ಟಾಪ್ ಕೊಡಿಸಲೆಂದು ಕಾಸರಗೋಡಿನ ಬದಿಯಡ್ಕ ಪೇಟೆಗೆ ಹೋಗಿ, ಎರಡು ಕಂಪ್ಯೂಟರುಗಳ ವಿವರವನ್ನು ಗೊಬ್ಬರದ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದರು. ಒಂದರ ಎದುರು ‘ಐ3-3220, 2 ಕೋರ್, 3.3’ ಎಂದಿತ್ತು, ಇನ್ನೊಂದರ ಎದುರು ‘ಎಫ್‌ಎಕ್ಸ್-6300, 6 ಕೋರ್, 3.5’ ಎಂದಿತ್ತು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. “ಎರಡಕ್ಕಿಂತ ಆರು ದೊಡ್ಡದಲ್ವಾ ಮಾಷ್ಟ್ರೇ, ಮತ್ತೆ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಈಗ ಹಲವರ ಮುಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳನ್ನು ಕಚೇರಿಗಳೂ ಅಂಗಡಿಗಳೂ ಕೈಬಿಡುತ್ತಿರುವುದರಿಂದ ಹತ್ತು–ಹದಿಮೂರು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಕಡಿಮೆ ಬೆಲೆಗೆ ಕೈಗೆ ಬರುತ್ತಿವೆ. ಅವುಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುವುದು ಬರಿಯ ಅಂಕಿಗಳು. ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಐ3-3220, ಎಫ್‌ಎಕ್ಸ್-6300 ಎಂಬ ಈ ಎರಡು ಪ್ರೊಸೆಸರುಗಳನ್ನೇ ಮುಂದಿಟ್ಟುಕೊಂಡು ಬಿಡಿಸಿ ನೋಡಬಹುದು.

ಎರಡೂ ಒಂದೇ ಕಾಲದವು

ಇಂಟೆಲ್ ಕಂಪನಿಯ ಕೋರ್ ಐ3-3220 ಮಾರುಕಟ್ಟೆಗೆ ಬಂದದ್ದು 2012ರ ಸೆಪ್ಟೆಂಬರಿನಲ್ಲಿ; ಎಎಂಡಿ ಕಂಪನಿಯ ಎಫ್‌ಎಕ್ಸ್-6300 ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆಗ ಅಮೆರಿಕದಲ್ಲಿ ಮೊದಲನೆಯದಕ್ಕೆ 117 ಡಾಲರ್, ಎರಡನೆಯದಕ್ಕೆ 132 ಡಾಲರ್ ಬೆಲೆಯಿತ್ತು. ಅಂದಿನ ಡಾಲರಿಗೆ ಸುಮಾರು 54 ರೂಪಾಯಿಯಂತೆ ಲೆಕ್ಕ ಹಾಕಿದರೆ, ತೆರಿಗೆ ಬಿಟ್ಟು, ಕ್ರಮವಾಗಿ 6,300 ಮತ್ತು 7,100 ರೂಪಾಯಿಗಳ ಆಸುಪಾಸು. ಎರಡೂ ಒಂದೇ ಬಗೆಯ ಗಿರಾಕಿಯನ್ನು, ಎಂದರೆ ತೀರಾ ಅಗ್ಗದ್ದು ಬೇಡ, ದುಬಾರಿಯದ್ದು ಕೈಗೆಟಕುವುದಿಲ್ಲ ಎನ್ನುವವರನ್ನು, ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಎರಡೂ ಬಳಸುವುದು ಡಿಡಿಆರ್3 ರ‍್ಯಾಮ್. ಇಷ್ಟು ಹೋಲಿಕೆಯಿದ್ದರೂ ಒಳಗಿನ ರಚನೆಯಲ್ಲಿ ಇವೆರಡರಷ್ಟು ಬೇರೆ ಬೇರೆ ದಾರಿ ಹಿಡಿದ ಸಮಕಾಲೀನರು ಕಡಿಮೆ.

ಜೆಂಬರದ ಅಡುಗೆ ಕೊಟ್ಟಗೆ

ಪ್ರೊಸೆಸರ್ ಎಂಬುದು ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ಓದಿ ನೆರವೇರಿಸುವ ಚಿಪ್. ಕೂಡು, ಕಳೆ, ಹೋಲಿಸು, ಇಲ್ಲಿಂದ ತೆಗೆದು ಅಲ್ಲಿಡು ಎಂಬಂಥ ಅತಿ ಸಣ್ಣ ಆಜ್ಞೆಗಳನ್ನು ಅದು ಒಂದಾದ ಮೇಲೊಂದರಂತೆ ಮಾಡುತ್ತ ಹೋಗುತ್ತದೆ. ನಾವು ಒಂದು ಅಕ್ಷರ ಒತ್ತಿದಾಗ ಅದು ಪರದೆಯ ಮೇಲೆ ಮೂಡುವುದರೊಳಗೆ ಇಂಥ ಲೆಕ್ಕವಿಲ್ಲದಷ್ಟು ಆಜ್ಞೆಗಳು ಮುಗಿದಿರುತ್ತವೆ.

ಇದನ್ನು ಮದುವೆಯೋ ಉಪನಯನವೋ ನಡೆಯುವ ಜೆಂಬರದ ಅಡುಗೆ ಕೊಟ್ಟಗೆಗೆ ಹೋಲಿಸಬಹುದು. ಒಂದೊಂದು ‘ಕೋರ್’ ಎಂದರೆ ಒಬ್ಬೊಬ್ಬ ಅಡುಗೆ ಭಟ್ಟರು. ‘ಗಿಗಾಹರ್ಟ್ಸ್’ ಎಂದರೆ ಅವರ ಕೈ ಓಡುವ ವೇಗ: 3.3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 330 ಕೋಟಿ ಮಿಡಿತ. ‘ಕ್ಯಾಶ್’ ಎಂದರೆ ಭಟ್ಟರ ಕೈಯಳತೆಯಲ್ಲಿರುವ ಉಪ್ಪು, ಮೆಣಸು, ಬೆಲ್ಲಗಳ ಪಾತ್ರೆಗಳು. ‘ರ‍್ಯಾಮ್’ ಎಂದರೆ ಪಕ್ಕದ ಉಗ್ರಾಣ. ಅಲ್ಲಿಗೆ ಎದ್ದು ಹೋಗಿ ಬರಬೇಕು. ‘ಹಾರ್ಡ್‌ಡಿಸ್ಕ್’ ಎಂದರೆ ಪೇಟೆಯ ಅಂಗಡಿ. ಜೀರಿಗೆ ಮುಗಿದು ಪೇಟೆಗೆ ಜನ ಓಡಿಸಬೇಕಾಗಿ ಬಂದರೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಸುಮ್ಮನೆ ಕೂರಬೇಕಾಗುತ್ತದೆ. ಈ ಕೊನೆಯ ಮಾತು ಮುಂದೆ ಮತ್ತೆ ಬರುತ್ತದೆ.

ಗಿಗಾಹರ್ಟ್ಸಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಬೇರೂರಿದೆ. ಮಿಡಿತ ಹೆಚ್ಚಿದ್ದರೆ ಕೆಲಸವೂ ಅಷ್ಟೇ ಹೆಚ್ಚು ಎಂಬುದು ಒಂದೇ ಬಗೆಯ ಪ್ರೊಸೆಸರುಗಳ ನಡುವೆ ಮಾತ್ರ ನಿಜ. ಒಬ್ಬರು ಒಂದು ಮಿಡಿತದಲ್ಲಿ ಒಂದು ಹೋಳು ಕತ್ತರಿಸಿದರೆ, ಇನ್ನೊಬ್ಬರು ಅದೇ ಮಿಡಿತದಲ್ಲಿ ಎರಡು ಹೋಳು ಕತ್ತರಿಸಬಲ್ಲರು. ಒಂದು ಮಿಡಿತಕ್ಕೆ ಎಷ್ಟು ಕೆಲಸ ಎಂಬ ಈ ಅಳತೆಯನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ನಮ್ಮ ಎರಡು ಪ್ರೊಸೆಸರುಗಳ ನಡುವಿನ ಮುಖ್ಯ ವ್ಯತ್ಯಾಸ ಇರುವುದು ಅಲ್ಲಿಯೇ.

ಇಬ್ಬರು ನಾಲ್ವರಂತೆ ಕಾಣುವ ಬಗೆ

ಐ3-3220ರಲ್ಲಿ ಇರುವುದು ಎರಡೇ ಕೋರ್. ಆದರೆ ಕಂಪ್ಯೂಟರನ್ನು ಕೇಳಿದರೆ ಅದು ನಾಲ್ಕು ಎನ್ನುತ್ತದೆ. ಇದಕ್ಕೆ ಕಾರಣ ‘ಹೈಪರ್‌ಥ್ರೆಡಿಂಗ್’ ಎಂಬ ವ್ಯವಸ್ಥೆ. ಒಬ್ಬ ಭಟ್ಟರ ಮುಂದೆ ಎರಡು ಒಲೆಗಳಿವೆ ಎಂದುಕೊಳ್ಳಿ. ಒಂದರ ಮೇಲೆ ಸಾಂಬಾರು ಕುದಿಯಲು ಕಾಯುತ್ತಿರುವಾಗ ಅವರು ಇನ್ನೊಂದರಲ್ಲಿ ಪಲ್ಯ ಮಗುಚುತ್ತಾರೆ. ಕೈ ಎರಡೇ ಆದರೂ ಕಾಯುವ ಹೊತ್ತು ವ್ಯರ್ಥವಾಗುವುದಿಲ್ಲ. ಹೀಗೆ ಸಿಗುವ ಲಾಭ ಕೆಲಸವನ್ನು ಅವಲಂಬಿಸಿ ಏರಿಳಿಯುತ್ತದೆ. ಸ್ಥೂಲವಾಗಿ ಕಾಲು ಪಾಲು ಹೆಚ್ಚು ಎಂದು ಹಿಡಿಯಬಹುದು, ಇಮ್ಮಡಿ ಎಂದು ಎಂದಿಗೂ ತಿಳಿಯಬಾರದು. ಇದರ ಕ್ಯಾಶ್ 3 ಎಂಬಿ, ವೇಗ ಸದಾ 3.3 ಗಿಗಾಹರ್ಟ್ಸ್. ಅಗತ್ಯ ಬಿದ್ದಾಗ ವೇಗ ಹೆಚ್ಚಿಸಿಕೊಳ್ಳುವ ‘ಟರ್ಬೊ’ ಸೌಲಭ್ಯ ಇದಕ್ಕಿಲ್ಲ.

ಆರು ಮಂದಿಗೆ ಮೂರು ಕಡೆಯುವ ಕಲ್ಲು

ಎಫ್‌ಎಕ್ಸ್-6300ರ ಕಥೆ ಇದಕ್ಕಿಂತ ಕುತೂಹಲದ್ದು. ಎಎಂಡಿ ತನ್ನ ಈ ಪೀಳಿಗೆಯಲ್ಲಿ ಕೋರುಗಳನ್ನು ಎರಡೆರಡಾಗಿ ಜೋಡಿ ಮಾಡಿ, ಪ್ರತಿ ಜೋಡಿಯನ್ನು ‘ಮಾಡ್ಯೂಲ್’ ಎಂದು ಕರೆಯಿತು. ಎಫ್‌ಎಕ್ಸ್-6300ರಲ್ಲಿ ಇಂಥ ಮೂರು ಮಾಡ್ಯೂಲುಗಳಿವೆ. ಒಂದು ಮಾಡ್ಯೂಲಿನ ಇಬ್ಬರು ಭಟ್ಟರಿಗೆ ಪ್ರತ್ಯೇಕ ಮಣೆ, ಪ್ರತ್ಯೇಕ ಕತ್ತಿ ಇದೆ. ಎಂದರೆ ಪೂರ್ಣಾಂಕಗಳ ಲೆಕ್ಕ ಮಾಡುವ ಭಾಗ ಇಬ್ಬರಿಗೂ ಸ್ವಂತದ್ದು. ಆದರೆ ‘ಮುಂದೆ ಇದನ್ನು ಮಾಡಿ’ ಎಂದು ಆಜ್ಞೆ ಬಿಡಿಸಿ ಹೇಳುವ ಮೇಲ್ವಿಚಾರಕ ಇಬ್ಬರಿಗೂ ಸೇರಿ ಒಬ್ಬನೇ. ದಶಮಾಂಶ ಸಂಖ್ಯೆಗಳ ಲೆಕ್ಕ ಮಾಡುವ ಘಟಕ ಎಂಬ ಕಡೆಯುವ ಕಲ್ಲು ಕೂಡ ಇಬ್ಬರಿಗೂ ಸೇರಿ ಒಂದೇ. ಜೋಡಿಗೊಂದು 2 ಎಂಬಿಯ ಕ್ಯಾಶ್ ಕೂಡ ಹಂಚಿಕೆಯದ್ದು.

ಇಬ್ಬರೂ ತರಕಾರಿ ಹೆಚ್ಚುತ್ತಿರುವವರೆಗೆ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಇಬ್ಬರಿಗೂ ಒಟ್ಟಿಗೆ ತೆಂಗಿನಕಾಯಿ ಕಡೆಯಬೇಕಾಗಿ ಬಂದಾಗ ಒಬ್ಬರು ತುಸು ಕಾಯಬೇಕಾಗುತ್ತದೆ. ಹಾಗಾಗಿ ಇಲ್ಲಿರುವುದು ಪೂರ್ತಿ ಆರು ಕೋರ್ ಅಲ್ಲ, ಬರಿಯ ಮೂರು ಕೋರೂ ಅಲ್ಲ. ನಡುವಿನ ಯಾವುದೋ ಒಂದು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬಲ್ಲಿ ನೋಡಿದರೆ ಈ ಗೊಂದಲ ಕಣ್ಣಿಗೇ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಆರು ಕೋರ್ ಎಂದು ಅಚ್ಚಾಗಿದ್ದ ಚಿಪ್ಪನ್ನು ಅದು ‘ಕೋರ್ 3, ಲಾಜಿಕಲ್ ಪ್ರೊಸೆಸರ್ 6’ ಎಂದು ತೋರಿಸುತ್ತದೆ. ಪೇಟೆಯ ಅಂಗಡಿಯಲ್ಲಿ ನೆರೆಮನೆಯವರಿಗೆ ನಾನು ಇದನ್ನು ತೋರಿಸಿದಾಗ, ಅಂಗಡಿಯ ಹುಡುಗ ತನ್ನನ್ನೇ ಯಾರೋ ಮೋಸ ಮಾಡಿದರೆಂಬಂತೆ ಪರದೆಯನ್ನು ಎರಡು ಸಲ ಮುಚ್ಚಿ ತೆರೆದು ನೋಡಿದ.

ಈ ಎಣಿಕೆಯ ತಕರಾರು ನ್ಯಾಯಾಲಯದವರೆಗೂ ಹೋಗಿತ್ತು. ಇದೇ ವಿನ್ಯಾಸದ ಚಿಪ್ಪುಗಳನ್ನು ಎಂಟು ಕೋರ್ ಎಂದು ಮಾರಿದ್ದು ಸರಿಯಲ್ಲವೆಂದು 2015ರಲ್ಲಿ ಅಮೆರಿಕದ ಗ್ರಾಹಕರು ಹೂಡಿದ ಮೊಕದ್ದಮೆ, 2019ರಲ್ಲಿ 1.21 ಕೋಟಿ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. ಕಂಪನಿಯು ಆರೋಪವನ್ನು ಒಪ್ಪಿಕೊಂಡಿರಲಿಲ್ಲ. ಎಫ್‌ಎಕ್ಸ್-6300 ಆ ಮೊಕದ್ದಮೆಯ ಪಟ್ಟಿಯಲ್ಲಿ ಇರಲಿಲ್ಲವಾದರೂ ಅದು ಅದೇ ಮನೆತನದ್ದು. ಎಂಟು ಕೋರಿನ ಚಿಪ್ಪಿನಲ್ಲಿ ನಾಲ್ಕರ ಪೈಕಿ ಒಂದು ಮಾಡ್ಯೂಲನ್ನು ಮುಚ್ಚಿಟ್ಟರೆ ಸಿಗುವುದು ಇದೇ 6300.

ಅದರ ವೇಗ 3.5 ಗಿಗಾಹರ್ಟ್ಸ್, ಟರ್ಬೊದಲ್ಲಿ 4.1ರವರೆಗೆ ಏರುತ್ತದೆ. ಎಲ್ಲ ಕೋರುಗಳೂ ಹಂಚಿಕೊಳ್ಳುವ 8 ಎಂಬಿಯ ಕ್ಯಾಶ್ ಬೇರೆ ಇದೆ. ಕಾಗದದ ಮೇಲೆ ಎಲ್ಲ ಅಂಕಿಗಳೂ ಐ3ಗಿಂತ ದೊಡ್ಡವು. ಆದರೂ ಒಂದೊಂದು ಕೋರನ್ನು ಬಿಡಿಯಾಗಿ ಓಡಿಸಿ ನೋಡಿದರೆ ಐ3ರ ಕೋರ್ ಸ್ಥೂಲವಾಗಿ ಕಾಲು ಪಾಲಿನಷ್ಟು ಮುಂದಿರುತ್ತದೆ. ಐ3ರ ಪ್ರತಿ ಕೋರಿನಲ್ಲಿ ಪೂರ್ಣಾಂಕದ ಲೆಕ್ಕಕ್ಕೆ ಮೂರು ಘಟಕಗಳಿದ್ದರೆ ಎಫ್‌ಎಕ್ಸಿನ ಪ್ರತಿ ಕೋರಿನಲ್ಲಿ ಎರಡೇ. ಐ3ರಲ್ಲಿ ಆಜ್ಞೆ ಬಿಡಿಸುವವನು ಪ್ರತಿ ಕೋರಿಗೂ ಪ್ರತ್ಯೇಕ. ಎಫ್‌ಎಕ್ಸಿನ ದೊಡ್ಡ ಕ್ಯಾಶ್ ದೊಡ್ಡದಾದರೂ ಅದರಿಂದ ಸಾಮಾನು ಎತ್ತಿಕೊಡುವುದು ನಿಧಾನ. ಪಾತ್ರೆ ದೊಡ್ಡದಿದ್ದು ಅಟ್ಟದ ಮೇಲಿದ್ದರೆ ಹೇಗೋ ಹಾಗೆ.

ಯಾವ ಕೆಲಸಕ್ಕೆ ಯಾವುದು

ಎಲ್ಲ ಕೆಲಸಗಳನ್ನೂ ಹಂಚಿಕೊಂಡು ಮಾಡಲು ಬರುವುದಿಲ್ಲ. ಕುಂಬಳಕಾಯಿ ಹೆಚ್ಚಲು ಆರು ಮಂದಿ ಕೂತರೆ ಕೆಲಸ ಆರರಲ್ಲೊಂದು ಪಾಲಿನ ಹೊತ್ತಿಗೆ ಮುಗಿಯುತ್ತದೆ. ಒಗ್ಗರಣೆಗೆ ಆರು ಮಂದಿ ನಿಂತರೂ ಸಾಸಿವೆ ಸಿಡಿಯುವ ಹೊತ್ತಿಗೇ ಸಿಡಿಯುತ್ತದೆ. ಕಂಪ್ಯೂಟರಿನ ಕೆಲಸಗಳಲ್ಲಿಯೂ ಹೆಚ್ಚುವ ಜಾತಿಯವು ಕೆಲವು, ಒಗ್ಗರಣೆಯ ಜಾತಿಯವು ಕೆಲವು.

ಅಂದಾಜಿಗಾಗಿ ಒಂದು ಲೆಕ್ಕ ಮಾಡೋಣ. ಎಫ್‌ಎಕ್ಸಿನ ಒಂದು ಕೋರಿನ ಬಲವನ್ನು 1 ಎಂದು ಹಿಡಿದರೆ ಐ3ರ ಒಂದು ಕೋರಿನ ಬಲ 1.25. ಎಲ್ಲ ಕೋರುಗಳೂ ಒಟ್ಟಿಗೆ ದುಡಿದರೆ, ಹೈಪರ್‌ಥ್ರೆಡಿಂಗಿನ ಲಾಭ ಸೇರಿಸಿ ಐ3ರ ಬಲ ಸುಮಾರು 3.1, ಹಂಚಿಕೆಯ ನಷ್ಟ ಕಳೆದು ಎಫ್‌ಎಕ್ಸಿನದ್ದು ಸುಮಾರು 4. ಎಫ್‌ಎಕ್ಸಿನ ಒಂದೇ ಕೋರಿಗೆ 60 ನಿಮಿಷ ಹಿಡಿಯುವ ಕೆಲಸವೊಂದಿದೆ ಎನ್ನೋಣ. ಅದು ಪೂರ್ತಿ ಒಗ್ಗರಣೆಯ ಜಾತಿಯದ್ದಾದರೆ ಎಫ್‌ಎಕ್ಸಿಗೆ 60 ನಿಮಿಷ, ಐ3ಗೆ 48. ಪೂರ್ತಿ ಹೆಚ್ಚುವ ಜಾತಿಯದ್ದಾದರೆ ಎಫ್‌ಎಕ್ಸಿಗೆ 15 ನಿಮಿಷ, ಐ3ಗೆ 19ರ ಮೇಲೆ. ಅರ್ಧರ್ಧ ಬೆರೆತಿದ್ದರೆ ಎಫ್‌ಎಕ್ಸಿಗೆ ಸುಮಾರು 37 ನಿಮಿಷ, ಐ3ಗೆ 34. ಆರು ಕೋರು ಗೆಲ್ಲಬೇಕಾದರೆ ಕೆಲಸದ ಬಹುಪಾಲು ಹಂಚಲು ಬರುವಂಥದ್ದಾಗಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಮ್ಮ ಕಡೆಯ ಕೆಲಸಗಳನ್ನೇ ಇದಕ್ಕೆ ಹೊಂದಿಸಿ ನೋಡಬಹುದು. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಪೇಜ್‌ಮೇಕರಿನಲ್ಲಿ ಕೂರಿಸುವುದು, ನುಡಿ ತಂತ್ರಾಂಶದಲ್ಲಿ ಅರ್ಜಿ ಬೆರಳಚ್ಚು ಮಾಡುವುದು, ಬ್ರೌಸರಿನಲ್ಲಿ ಸರಕಾರಿ ಪೋರ್ಟಲಿನ ಫಾರಂ ತುಂಬಿಸುವುದು, ಎಕ್ಸೆಲಿನಲ್ಲಿ ಸಹಕಾರ ಸಂಘದ ಲೆಕ್ಕ ಬರೆಯುವುದು, ಮಕ್ಕಳು ಜಿಯೋಜಿಬ್ರಾದಲ್ಲಿ ತ್ರಿಕೋನ ಎಳೆಯುವುದು ಇವೆಲ್ಲವೂ ಹೆಚ್ಚಿನ ಪಾಲು ಒಂದೆರಡು ಕೋರುಗಳಲ್ಲಿಯೇ ನಡೆಯುವಂಥವು. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶ ತಯಾರಾದ ಕಾಲದಲ್ಲಿ ಮನೆಯ ಕಂಪ್ಯೂಟರಿಗೆ ಎರಡನೆಯ ಕೋರ್ ಎಂಬುದೇ ಇರಲಿಲ್ಲ. ಅದಕ್ಕೆ ಆರು ಕೋರು ಕೊಟ್ಟರೂ ಐದು ಕೋರುಗಳ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದಿಟ್ಟಾಗ ಕೋರುಗಳು ಹಂಚಿಕೊಳ್ಳುವುದು ನಿಜವಾದರೂ ಒಂದು ಪುಟ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂಬುದು ಬಿಡಿ ಕೋರಿನ ವೇಗವನ್ನೇ ನೆಚ್ಚಿಕೊಂಡಿದೆ. ಇಲ್ಲೆಲ್ಲ ಐ3ಗೇ ಮೇಲುಗೈ.

ಇರುಳಿಡೀ ನಡೆದ ಯಕ್ಷಗಾನದ ಆರೇಳು ತಾಸಿನ ವಿಡಿಯೊವನ್ನು ಕತ್ತರಿಸಿ ಜೋಡಿಸಿ ಯೂಟ್ಯೂಬಿಗೆ ಏರಿಸುವವರ ಸಂಗತಿ ಬೇರೆ. ವಿಡಿಯೊವನ್ನು ಕುಗ್ಗಿಸಿ ಹೊಸ ರೂಪಕ್ಕೆ ತರುವ ಕೆಲಸ, ಎಂದರೆ ರೆಂಡರ್ ಮಾಡುವುದು, ಹೆಚ್ಚುವ ಜಾತಿಯದ್ದು. ಒಂದು ಚಿತ್ರದ ಚೂರುಗಳನ್ನು ಹಲವು ಕೋರುಗಳು ಒಟ್ಟಿಗೆ ಮಾಡಬಲ್ಲವು. ಕಡತಗಳನ್ನು ಜಿಪ್ ಮಾಡುವುದು, ಮೂರು ಆಯಾಮದ ಚಿತ್ರ ರಚಿಸುವುದು ಇದೇ ಗುಂಪಿಗೆ ಸೇರುತ್ತವೆ. ಇಲ್ಲಿ ಎಫ್‌ಎಕ್ಸ್-6300 ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಮುಂದೆ ಹೋಗುತ್ತದೆ. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿ ಇಡುವವರಿಗೂ ಎಫ್‌ಎಕ್ಸ್ ಅನುಕೂಲ, ಏಕೆಂದರೆ ಅದಕ್ಕೆ ಬೇಕಾದ ‘ಎಇಎಸ್’ ಆಜ್ಞೆಗಳು ಅದರಲ್ಲಿ ಚಿಪ್ಪಿನಲ್ಲಿಯೇ ಇವೆ. ಐ3-3220ರಲ್ಲಿ ಇಂಟೆಲ್ ಅವನ್ನು ಕೊಟ್ಟಿರಲಿಲ್ಲ. 2018ರ ಜನವರಿಯಲ್ಲಿ ಬಯಲಾದ ‘ಮೆಲ್ಟ್‌ಡೌನ್’ ಎಂಬ ಭದ್ರತಾ ದೋಷವೂ ಇಂಟೆಲಿನ ಚಿಪ್ಪುಗಳನ್ನು ಬಾಧಿಸಿತು, ಎಎಂಡಿಯವನ್ನು ಬಾಧಿಸಲಿಲ್ಲ. ಅದಕ್ಕೆ ಹಾಕಿದ ತೇಪೆಯಿಂದ ಐ3ರಂಥ ಹಳೆಯ ಚಿಪ್ಪುಗಳ ವೇಗ ಕೆಲವು ಕೆಲಸಗಳಲ್ಲಿ ತುಸು ಇಳಿದದ್ದೂ ಹೌದು.

ಚಿತ್ರ ತೋರಿಸುವವರು ಯಾರು

ಚೀಟಿಯಲ್ಲಿ ಬರೆಯದ, ಆದರೆ ಬೆಲೆಯನ್ನು ಬಹಳ ಬದಲಿಸುವ ವಿಷಯವೊಂದಿದೆ. ಪರದೆಯ ಮೇಲೆ ಚಿತ್ರ ಮೂಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಭಾಗ ಬೇಕು. ಐ3-3220ರಲ್ಲಿ ಅದು ಚಿಪ್ಪಿನೊಳಗೇ ಇದೆ. ಹೆಸರು ಎಚ್‌ಡಿ ಗ್ರಾಫಿಕ್ಸ್ 2500. ಆಟಗಳಿಗೆ ಅದು ಸಾಲದು, ಉಳಿದ ದಿನಬಳಕೆಗೆ ಸಾಕು. ಎಫ್‌ಎಕ್ಸ್-6300ರಲ್ಲಿ ಅದು ಇಲ್ಲವೇ ಇಲ್ಲ. ಎಲ್ಲ ಭಾಗಗಳನ್ನೂ ಕೂರಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡುಗಳ ಪೈಕಿ 760ಜಿ ಎಂಬ ಚಿಪ್‌ಸೆಟ್ ಇರುವ ಕೆಲವುಗಳಲ್ಲಿ ಬೋರ್ಡಿನಲ್ಲೇ ಒಂದು ಸಾಧಾರಣ ಗ್ರಾಫಿಕ್ಸ್ ಇರುತ್ತದೆ. ಉಳಿದವಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಬೇರೆಯಾಗಿ ಕೊಳ್ಳಬೇಕು. ಹಳೆಯ ಕಾರ್ಡುಗಳ ಫ್ಯಾನ್ ಮತ್ತು ಧೂಳಿನ ಕಾಯಿಲೆಗಳನ್ನು ಬಲ್ಲವರು ಈ ಖರ್ಚನ್ನು ಸಣ್ಣದೆಂದು ಎಣಿಸುವುದಿಲ್ಲ.

ವಿಡಿಯೊ ನೋಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಎಚ್‌ಡಿ 2500ಕ್ಕೆ ಎಚ್.264 ಎಂಬ ಹಳೆಯ ರೂಪದ ವಿಡಿಯೊವನ್ನು ಪ್ರೊಸೆಸರಿಗೆ ಭಾರವಾಗದಂತೆ ತಾನೇ ಬಿಡಿಸಿ ತೋರಿಸಲು ಬರುತ್ತದೆ. ಯೂಟ್ಯೂಬ್ ಈಗ ಹೆಚ್ಚಾಗಿ ಕಳುಹಿಸುವ ವಿಪಿ9, ಎವಿ1 ರೂಪಗಳು ಅದಕ್ಕೆ ಗೊತ್ತಿಲ್ಲ. ಹೀಗಾಗಿ ಒಂದೇ ವಿಡಿಯೊವನ್ನು 1080ರಲ್ಲಿ ನೋಡುವಾಗ ತಡವರಿಸುವ ಯಂತ್ರ 720ರಲ್ಲಿ ಸರಾಗವಾಗಿ ತೋರಿಸುವುದುಂಟು. ಬ್ರೌಸರಿಗೆ ಎಚ್.264ನ್ನೇ ಕೇಳುವಂತೆ ಹೇಳುವ ಸಣ್ಣ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕರೆಂಟು, ಬಿಸಿ ಮತ್ತು ಯುಪಿಎಸ್

ಪ್ರೊಸೆಸರುಗಳ ಜೊತೆ ‘ಟಿಡಿಪಿ’ ಎಂಬ ಅಂಕಿಯೊಂದನ್ನು ಕೊಡುತ್ತಾರೆ. ಪೂರ್ಣ ಹೊರೆಯಲ್ಲಿ ಚಿಪ್ಪು ಹೊರಹಾಕುವ ಎಷ್ಟು ಬಿಸಿಯನ್ನು ಅದರ ಫ್ಯಾನ್ ನಿಭಾಯಿಸಬೇಕು ಎಂಬುದರ ಅಳತೆ ಅದು. ವಿದ್ಯುತ್ ಬಳಕೆಯ ಸ್ಥೂಲ ಅಂದಾಜಿಗೂ ಅದನ್ನೇ ಬಳಸಬಹುದು. ಐ3-3220ರದ್ದು 55 ವಾಟ್, ಎಫ್‌ಎಕ್ಸ್-6300ರದ್ದು 95 ವಾಟ್. ಇಂಟೆಲ್ ಈ ಚಿಪ್ಪನ್ನು 22 ನ್ಯಾನೊಮೀಟರಿನ ವಿಧಾನದಲ್ಲಿ ತಯಾರಿಸಿತ್ತು, ಎಎಂಡಿಯದ್ದು 32 ನ್ಯಾನೊಮೀಟರಿನದ್ದು. ಒಳಗಿನ ಸ್ವಿಚ್ಚುಗಳು ಸಣ್ಣದಾದಷ್ಟೂ ಅವನ್ನು ತೆರೆದು ಮುಚ್ಚಲು ಬೇಕಾಗುವ ವಿದ್ಯುತ್ ಕಡಿಮೆ.

ಅಂತರ 40 ವಾಟ್. ದಿನಕ್ಕೆ ಆರು ತಾಸು ಪೂರ್ಣ ಹೊರೆಯಲ್ಲಿ ಓಡಿಸಿದರೆ 240 ವಾಟ್ ತಾಸು, ಎಂದರೆ ಕಾಲು ಯೂನಿಟ್ಟಿಗೆ ತುಸು ಕಡಿಮೆ. ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿನಲ್ಲಿ ಅದು ಸುಮಾರು 14 ಯೂನಿಟ್ ಆಗುತ್ತದೆ. ಸುಮ್ಮನೆ ಟೈಪ್ ಮಾಡುವಾಗ ಈ ಅಂತರ ಇದಕ್ಕಿಂತ ಬಹಳ ಕಡಿಮೆ. ಎಫ್‌ಎಕ್ಸಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಬಳಕೆಯನ್ನು ಕೂಡಿಸಬೇಕು. ಮನೆಯೊಂದಕ್ಕೆ ಇದು ದೊಡ್ಡ ಮೊತ್ತವಲ್ಲ. ಆದರೆ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಕೇರಳದಲ್ಲಿ ಇಡೀ ಬಳಕೆಗೂ ಒಂದೇ ಮೇಲಿನ ದರ ಬೀಳುವುದರಿಂದ, ಗಡಿಯ ಅಂಚಿನಲ್ಲಿರುವವರು ಹದಿನಾಲ್ಕು ಯೂನಿಟ್ಟನ್ನೂ ಎಣಿಸಬೇಕಾಗುತ್ತದೆ.

ಬಿಲ್ಲಿಗಿಂತಲೂ ಮಳೆಗಾಲದ ಸಂಗತಿ ಹೆಚ್ಚು ಮುಖ್ಯವೆಂದು ನನ್ನ ಅನುಭವ. ಆಟಿ ತಿಂಗಳಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಊರುಗಳಲ್ಲಿ ಸಣ್ಣ ಯುಪಿಎಸ್ಸೊಂದು ಐ3 ಯಂತ್ರವನ್ನು ಕಡತ ಉಳಿಸಿ ನಿಧಾನವಾಗಿ ಆರಿಸುವಷ್ಟು ಹೊತ್ತು ಹಿಡಿದಿಡುತ್ತದೆ. ಎಫ್‌ಎಕ್ಸ್ ರೆಂಡರ್ ಮಾಡುತ್ತಿರುವಾಗ ಕರೆಂಟು ಹೋದರೆ ಅದೇ ಯುಪಿಎಸ್ ಕೂಗಿಕೊಂಡು ಬೇಗ ಕೈಚೆಲ್ಲುತ್ತದೆ. ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಫ್‌ಎಕ್ಸಿನ ಜೊತೆ ಬಂದ ಸಣ್ಣ ಫ್ಯಾನಿನ ಸದ್ದು ಮಲಗುವ ಕೋಣೆಯಲ್ಲಿ ಸಹಿಸುವಂಥದ್ದಲ್ಲ.

ಬೋರ್ಡು ಮತ್ತು ಸೂಜಿಗಾಲುಗಳು

ಪ್ರೊಸೆಸರನ್ನು ಹಿಡಿದಿಡುವ ಮದರ್‌ಬೋರ್ಡಿನ ಗೂಡಿಗೆ ‘ಸಾಕೆಟ್’ ಎಂದು ಹೆಸರು. ಐ3-3220 ಕೂರುವುದು ಎಲ್‌ಜಿಎ 1155 ಎಂಬ ಸಾಕೆಟಿನಲ್ಲಿ, ಎಫ್‌ಎಕ್ಸ್-6300 ಎಎಂ3 ಪ್ಲಸ್ ಎಂಬುದರಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಇಂಟೆಲಿನಲ್ಲಿ ಕೂದಲಿನಂಥ ಸಂಪರ್ಕದ ಸೂಜಿಗಳು ಬೋರ್ಡಿನಲ್ಲಿರುತ್ತವೆ. ಎಎಂಡಿಯ ಈ ಪೀಳಿಗೆಯಲ್ಲಿ ಅವು ಪ್ರೊಸೆಸರಿನ ಅಡಿಯಲ್ಲೇ ಕಾಲುಗಳಂತೆ ಇರುತ್ತವೆ.

ಈ ವ್ಯತ್ಯಾಸವನ್ನು ನಾನು ಕಲಿತದ್ದು ನಷ್ಟದಿಂದ. ಪರಿಚಿತರೊಬ್ಬರ ಎಫ್‌ಎಕ್ಸ್ ಯಂತ್ರದ ಧೂಳು ತೆಗೆಯಲೆಂದು ಕೊಕ್ಕೆ ಬಿಡಿಸಿ, ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕನ್ನು ನೇರ ಮೇಲಕ್ಕೆ ಎಳೆದೆ. ಪ್ರೊಸೆಸರಿನ ಬೆನ್ನಿಗೆ ಬಳಿದಿದ್ದ, ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಒಣಗಿ ಗೋಂದಿನಂತಾಗಿತ್ತು. ಸಾಕೆಟಿನ ಸಲಾಕೆ ಇನ್ನೂ ಬಿಗಿಯಾಗಿಯೇ ಇದ್ದರೂ, ‘ಟಕ್’ ಎಂಬ ಸದ್ದಿನೊಂದಿಗೆ ಪ್ರೊಸೆಸರ್ ಹೀಟ್‌ಸಿಂಕಿಗೆ ಅಂಟಿಕೊಂಡೇ ಕಿತ್ತುಬಂತು. ತಿರುಗಿಸಿ ನೋಡಿದರೆ ಒಂದು ಮೂಲೆಯ ಮೂರು ಕಾಲುಗಳು ಗಾಳಿಗೆ ಬಾಗಿದ ಭತ್ತದ ತೆನೆಯಂತೆ ಒಂದೇ ಕಡೆಗೆ ವಾಲಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಲೋಹದ ತುದಿಯನ್ನು ಒಂದೊಂದು ಕಾಲಿಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಲು ಒಂದು ತಾಸು ಹಿಡಿಯಿತು. ಅದೃಷ್ಟಕ್ಕೆ ಯಂತ್ರ ಮತ್ತೆ ಚಾಲೂ ಆಯಿತು. ಮೊದಲು ಹದಿನೈದು ನಿಮಿಷ ಯಂತ್ರವನ್ನು ಓಡಿಸಿ ಪೇಸ್ಟ್ ಬಿಸಿಯಾಗಿ ಮೆತ್ತಗಾದ ಮೇಲೆ ಆರಿಸಿ, ಹೀಟ್‌ಸಿಂಕನ್ನು ಎಳೆಯದೆ ಎಡಬಲಕ್ಕೆ ತಿರುಚಿ ಬಿಡಿಸಬೇಕು ಎಂಬುದು ಆಮೇಲೆ ತಿಳಿದ ಪಾಠ.

ಕೊಳ್ಳುವವರು ಬೋರ್ಡಿನ ಲಭ್ಯತೆಯನ್ನೂ ನೋಡಬೇಕು. ಎಲ್‌ಜಿಎ 1155 ಬೋರ್ಡುಗಳು ಕಚೇರಿಗಳಿಂದ ಧಾರಾಳವಾಗಿ ಹೊರಬಂದಿರುವುದರಿಂದ ಒಂದು ಹಾಳಾದರೆ ಇನ್ನೊಂದು ಸಿಗುತ್ತದೆ. ಎಎಂ3 ಪ್ಲಸ್ ಬೋರ್ಡುಗಳು ವಿರಳ, ಹಾಗಾಗಿ ದುಬಾರಿ. ಮುಂದೆ ಯಂತ್ರವನ್ನು ಚುರುಕುಗೊಳಿಸಬೇಕೆನಿಸಿದರೆ ಐ3ರ ಅದೇ ಬೋರ್ಡಿನಲ್ಲಿ ನಾಲ್ಕು ಕೋರಿನ ಐ5-3470 ಅಥವಾ ನಾಲ್ಕು ಕೋರಿದ್ದೂ ಹೈಪರ್‌ಥ್ರೆಡಿಂಗಿನಿಂದ ಎಂಟರಂತೆ ಕಾಣುವ ಐ7-3770ನ್ನು ಸಾಮಾನ್ಯವಾಗಿ ಕೂರಿಸಬಹುದು. ಎರಡೂ 77 ವಾಟಿನವು. ಹೀಗೆ ಮಾಡಿದಾಗ ಎಫ್‌ಎಕ್ಸ್-6300ಕ್ಕೆ ಉಳಿದಿದ್ದ ಹಂಚಿಕೆಯ ಕೆಲಸದ ಮೇಲುಗೈಯೂ ಹೋಗುತ್ತದೆ. ಎಫ್‌ಎಕ್ಸ್ ಕಡೆಯಲ್ಲಿ ಮುಂದಿನ ಮೆಟ್ಟಿಲು 125 ವಾಟಿನ ಎಫ್‌ಎಕ್ಸ್-8350. ಅಗ್ಗದ ಬೋರ್ಡುಗಳ ವಿದ್ಯುತ್ ಪೂರೈಕೆಯ ಭಾಗ ಅದನ್ನು ತಾಳಿಕೊಳ್ಳುವುದು ಕಷ್ಟ.

ವಿಂಡೋಸ್ ಮತ್ತು ಲಿನಕ್ಸ್

ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇವೆರಡೂ ಇಲ್ಲ. ಇಂಟೆಲಿನಲ್ಲಿ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನವು ಮಾತ್ರ ಅರ್ಹ. ಐ3-3220 ಮೂರನೆಯ ಪೀಳಿಗೆಯದ್ದು. ಎಎಂಡಿಯಲ್ಲಿ ಅರ್ಹತೆ ಬಹುಮಟ್ಟಿಗೆ ರೈಜನ್ 2000 ಸರಣಿಯಿಂದ ಆರಂಭವಾಗುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. ವಿಂಡೋಸ್ 10ರಲ್ಲೇ ಮುಂದುವರಿಯುವವರಿಗೆ 2026ರ ಅಕ್ಟೋಬರ್ 13ರವರೆಗಿನ ವಿಸ್ತರಿತ ಭದ್ರತಾ ಯೋಜನೆಯೊಂದಿದೆ. ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು.

ಕಾಸರಗೋಡಿನ ಮಕ್ಕಳಿಗೆ ಇದು ದೊಡ್ಡ ತೊಡಕಲ್ಲ. ಕೇರಳದ ಶಾಲೆಗಳ ಐಟಿ ಪಾಠ ನಡೆಯುವುದು ವಿಂಡೋಸಿನಲ್ಲಿ ಅಲ್ಲ, ವಿಂಡೋಸಿನಂತೆಯೇ ಯಂತ್ರವನ್ನು ನಡೆಸುವ ಉಚಿತ ತಂತ್ರಾಂಶವಾದ ಲಿನಕ್ಸಿನಲ್ಲಿ, ಅದರಲ್ಲೂ ಉಬುಂಟು ಆಧಾರಿತ ಕೈಟ್ ಗ್ನು ಲಿನಕ್ಸಿನಲ್ಲಿ. ಐಟಿ ಅಟ್ ಸ್ಕೂಲ್ ಯೋಜನೆಯಾಗಿ ಆರಂಭಗೊಂಡು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ವ್ಯವಸ್ಥೆ ಅದನ್ನು ಸಿದ್ಧಪಡಿಸುತ್ತದೆ. ಇಂಕ್‌ಸ್ಕೇಪ್, ಗಿಂಪ್, ಲಿಬ್ರೆ ಆಫೀಸ್, ಜಿಯೋಜಿಬ್ರಾ, ಪೈಥಾನ್ ಮೊದಲಾದವುಗಳ ಅಭ್ಯಾಸಕ್ಕೆ ಎರಡು ಪ್ರೊಸೆಸರುಗಳೂ ಸಾಕು. ಲಿನಕ್ಸಿನಲ್ಲಿ ಇಂಟೆಲಿನ ಒಳಗ್ರಾಫಿಕ್ಸ್ ಯಾವ ಚಾಲಕ ತಂತ್ರಾಂಶವನ್ನೂ ಬೇರೆ ಹಾಕದೆ ಓಡುತ್ತದೆ ಎಂಬುದು ಐ3ಗೆ ಇನ್ನೊಂದು ಅನುಕೂಲ.

ಹಣ ಎಲ್ಲಿಗೆ ಹೋಗಬೇಕು

ಪ್ರೊಸೆಸರಿನ ಬೆಲೆಯನ್ನು ಪ್ರೊಸೆಸರಿನಿಂದಲೇ ಅಳೆಯುವುದು ಇಲ್ಲಿ ತಪ್ಪು ಲೆಕ್ಕ. ಐ3ಯ ಜೊತೆ ಗ್ರಾಫಿಕ್ಸ್ ಉಚಿತ, ಫ್ಯಾನ್ ಮತ್ತು ಪವರ್ ಸಪ್ಲೈ ಸಾಧಾರಣದ್ದಾದರೂ ನಡೆಯುತ್ತದೆ, ಬೋರ್ಡ್ ಸುಲಭವಾಗಿ ಸಿಗುತ್ತದೆ. ಎಫ್‌ಎಕ್ಸಿನ ಜೊತೆ ಕಾರ್ಡು, ಒಳ್ಳೆಯ ಬೋರ್ಡು, ಗಟ್ಟಿ ಪವರ್ ಸಪ್ಲೈ ಎಲ್ಲವನ್ನೂ ಕೂಡಿಸಬೇಕು. ಇವೆಲ್ಲ ಮೊದಲೇ ಕೈಯಲ್ಲಿರುವವರು, ರೆಂಡರ್ ಮಾಡುವವರು ಎಫ್‌ಎಕ್ಸನ್ನು ಬಿಸಾಡಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರಿಗೆ ಅದು ಲಾಭದ ವ್ಯಾಪಾರವಲ್ಲ.

ಇನ್ನು ಆ ಪೇಟೆಯ ಅಂಗಡಿಗೆ ಜನ ಓಡಿಸುವ ಮಾತು. ಎರಡರಲ್ಲಿ ಯಾವುದನ್ನು ಕೊಂಡರೂ ಹಳೆಯ ಹಾರ್ಡ್‌ಡಿಸ್ಕ್ ಉಳಿಸಿಕೊಂಡರೆ ಯಂತ್ರ ಆಮೆಯಂತೆಯೇ ಇರುತ್ತದೆ. ಅದರ ಬದಲಿಗೆ, ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿಯೇ ಕಡತ ಇಡುವ ಎಸ್‌ಎಸ್‌ಡಿ ಹಾಕಿದರೆ ಪೇಟೆಯ ಅಂಗಡಿಯೇ ಅಂಗಳದ ಬದಿಗೆ ಬಂದಂತೆ. ಎರಡು ಪ್ರೊಸೆಸರುಗಳ ನಡುವಿನ ವ್ಯತ್ಯಾಸಕ್ಕಿಂತ ಇದರಿಂದಾಗುವ ಬದಲಾವಣೆ ಎದ್ದು ಕಾಣುತ್ತದೆ. ಎಚ್61 ಚಿಪ್‌ಸೆಟ್ಟಿನ ಅಗ್ಗದ ಬೋರ್ಡುಗಳಲ್ಲಿ ಡಿಸ್ಕನ್ನು ಜೋಡಿಸುವ ಸಾಟಾ ಸಂಪರ್ಕ ಸೆಕೆಂಡಿಗೆ 3 ಗಿಗಾಬಿಟ್‌ಗೆ ಸೀಮಿತವಾದುದರಿಂದ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ, ಆದರೂ ಹಾರ್ಡ್‌ಡಿಸ್ಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ರ‍್ಯಾಮ್ 8 ಜಿಬಿ ಇರಲಿ, ಅದೂ 4 ಜಿಬಿಯ ಎರಡು ಪಟ್ಟಿಗಳಲ್ಲಿ. ಉಗ್ರಾಣಕ್ಕೆ ಎರಡು ಬಾಗಿಲಿದ್ದರೆ ಸಾಮಾನು ಬೇಗ ಹೊರಬರುತ್ತದೆ. ನಮ್ಮ ಕಡೆಯ ತೇವಕ್ಕೆ ರ‍್ಯಾಮಿನ ಹೊಂಬಣ್ಣದ ಅಂಚು ಕಪ್ಪಾಗಿ ಯಂತ್ರ ಚಾಲೂ ಆಗದಿರುವುದುಂಟು. ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿದರೆ ಅದು ಸರಿಹೋಗುತ್ತದೆ.

ನೆರೆಮನೆಯವರು ಐ3 ಯಂತ್ರವನ್ನೇ ತಂದರು, ಮೇಲೊಂದು 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದರು, ಮಗಳು ಶಾಲೆಯಿಂದ ಪೆನ್‌ಡ್ರೈವಿನಲ್ಲಿ ತಂದ ಲಿನಕ್ಸನ್ನು ತಾನೇ ಹಾಕಿಕೊಂಡಳು. ಎಫ್‌ಎಕ್ಸ್ ಯಂತ್ರವನ್ನು ಯಕ್ಷಗಾನ ಬಯಲಾಟಗಳ ವಿಡಿಯೊ ಮಾಡುವ ಸ್ಟುಡಿಯೊದ ಹುಡುಗನೊಬ್ಬ ಗ್ರಾಫಿಕ್ಸ್ ಕಾರ್ಡಿನ ಸಮೇತ ಒಯ್ದನಂತೆ.